ಮೊದಲು ಭತ್ತ ನಿಲ್ಲಿಸಬೇಕು

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಅಪ್ಪ ಮಿಷನ್ನುಗಳನ್ನು ನೋಡಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೆ ಹೋಗಿ ತೌಡಿನ ಚೀಲದ ಮೇಲೆ ಕೂತಿರುತ್ತಿದ್ದೆ. ಸಂಜೆ ಮಿಲ್ ನಿಲ್ಲಿಸುವಾಗ ಅವರು ಎಂದೂ ಮೇನ್ ಸ್ವಿಚ್ ಹತ್ತಿರ ಮೊದಲು ಹೋಗಿದ್ದಿಲ್ಲ. ಭತ್ತ ಸುರಿಯುವ ಕಡೆ ಹೋಗಿ ಅಲ್ಲಿನ ಗೇಟು ಮುಚ್ಚುತ್ತಿದ್ದರು. ಆಮೇಲೆ ಸುಮ್ನೆ ನಿಂತು ಕಿವಿ ಕೊಟ್ಟು ಕೇಳುತ್ತಿದ್ದರು. ಭತ್ತವನ್ನು ಮೇಲಕ್ಕೆ ಎತ್ತುವ ಎಲಿವೇಟರಿನ ಬಕೆಟ್‌ಗಳು ಖಾಲಿಯಾಗುತ್ತಾ ಬಂದ ಹಾಗೆ ಸದ್ದು ಬದಲಾಗುತ್ತೆ. ಅದು ಖಾಲಿಯಾದ ಮೇಲೆ ಹೊಟ್ಟು ಬಿಡಿಸುವ ಶೆಲ್ಲರ್, ಅದಾದ ಮೇಲೆ ಪಾಲಿಶರ್. ಕಡೆಯ ಅಕ್ಕಿ ಚೀಲಕ್ಕೆ ಬಿದ್ದ ಮೇಲೆಯೇ ಮೇನ್ ಸ್ವಿಚ್.

ಬೆಳಗ್ಗೆ ಶುರು ಮಾಡುವಾಗ ಇದೆಲ್ಲ ಉಲ್ಟಾ. ಕೊನೆಯ ಮಿಷನ್ನು ಮೊದಲು ತಿರುಗಬೇಕು, ಭತ್ತದ ಗೇಟು ಎಲ್ಲಕ್ಕಿಂತ ಕಡೆಗೆ ತೆರೆಯಬೇಕು.

ಮಧ್ಯದಲ್ಲಿ ಕರೆಂಟ್ ಹೋದರೆ ಮಾತ್ರ ಕಷ್ಟ. ಎಲಿವೇಟರ್ ಬುಡದಲ್ಲಿ ಭತ್ತ ಗಟ್ಟಿಯಾಗಿ ಕೂತುಬಿಡುತ್ತೆ. ಕರೆಂಟ್ ಬಂದ ಮೇಲೆ ಸ್ವಿಚ್ ಹಾಕಿದರೆ ಮೋಟಾರು ಎಳೆಯುವುದಿಲ್ಲ. ಬೆಲ್ಟ್ ಜಾರುತ್ತೆ, ಇಲ್ಲವೇ ಫ್ಯೂಸ್ ಹೋಗುತ್ತೆ. ಬುಡದ ಮುಚ್ಚಳ ಬಿಚ್ಚಿ, ಕೈ ಹಾಕಿ, ಭತ್ತವನ್ನೆಲ್ಲ ಬಾಚಿ ಹೊರಗೆ ತೆಗೆಯಬೇಕು. ಆಮೇಲೇ ಮುಂದಿನ ಮಾತು.

ನಾನು ಬೆಂಗಳೂರಿನಲ್ಲಿ ಬ್ಯಾಂಕುಗಳಂಥವರು ಬಳಸುವ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮ್ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದವು. ಐಬಿಎಂನ ಝಡ್/ಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ ಓಡುವ ಸಿಸ್ಟಂ ಸಾಫ್ಟ್‌ವೇರ್ ಬರೆಯುತ್ತೇನೆ. ಬ್ಯಾಂಕಿನ ಲೆಕ್ಕ ಮಾಡುವ ಪ್ರೋಗ್ರಾಂ ಅಲ್ಲ, ಅಂಥ ಪ್ರೋಗ್ರಾಂಗಳು ಹೇಗೆ ಓಡುತ್ತಿವೆ ಅಂತ ನೋಡುವ ಪ್ರೋಗ್ರಾಂ. ಈ ಕೆಲಸದಲ್ಲಿ ನನಗೆ ತುಂಬ ತಡವಾಗಿ ಅರ್ಥವಾದದ್ದು ಅಪ್ಪನಿಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ನಿಲ್ಲಿಸುವುದು ಕೂಡ ಒಂದು ಕೆಲಸ. ಅದನ್ನು ಕೂತು ಯೋಚಿಸಿ ಬರೆಯಬೇಕು, ಅದೂ ಮೊದಲೇ.

ಮೇನ್‌ಫ್ರೇಮ್ ಯಾವತ್ತೂ ನಿಲ್ಲುವುದಿಲ್ಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದರಲ್ಲಿ ಅರ್ಧ ನಿಜ ಇದೆ. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಂ/360 ಮಿಷನ್ನಿನ ಕಾಲದ ಪ್ರೋಗ್ರಾಂಗಳು ಇವತ್ತಿನ ಮಿಷನ್ನಿನಲ್ಲೂ ಓಡುತ್ತವೆ. ಹಲವು ಸಿಸ್ಟಂಗಳನ್ನು ಒಟ್ಟು ಸೇರಿಸಿ ಸಿಸ್‌ಪ್ಲೆಕ್ಸ್ ಮಾಡಿರುವಲ್ಲಿ ಒಂದನ್ನು ನಿಲ್ಲಿಸಿದರೆ ಅದರ ಕೆಲಸವನ್ನು ಪಕ್ಕದ್ದು ಎತ್ತಿಕೊಳ್ಳುತ್ತೆ. ಗ್ರಾಹಕರಿಗೆ ಗೊತ್ತೇ ಆಗುವುದಿಲ್ಲ. ಆದರೆ ಆ ಒಂದು ಸಿಸ್ಟಂ ನಿಲ್ಲಲೇಬೇಕಲ್ವಾ? ಹೊಸ ಆವೃತ್ತಿ ಹಾಕಬೇಕು, ಕೆಲವು ಪ್ಯಾರಾಮೀಟರ್ ಬದಲಿಸಬೇಕು. ಮತ್ತೆ ಶುರು ಮಾಡುವುದಕ್ಕೆ ನಾವು ಐಪಿಎಲ್ (ಇನಿಷಿಯಲ್ ಪ್ರೋಗ್ರಾಂ ಲೋಡ್) ಅನ್ನುತ್ತೇವೆ. ಕ್ರಿಕೆಟ್ಟಿನ ಐಪಿಎಲ್ ಹುಟ್ಟುವುದಕ್ಕೆ ದಶಕಗಳ ಮೊದಲಿನಿಂದ ಇರುವ ಹೆಸರು.

ಝಡ್/ಓಎಸ್‌ನಲ್ಲಿ 'ಎಲ್ಲ ನಿಲ್ಲಿಸು' ಅನ್ನುವ ಒಂದೇ ಕಮಾಂಡ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಶಟ್ ಡೌನ್ ಒತ್ತಿ ಎದ್ದುಹೋಗುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿ ಆಪರೇಟರ್ ಒಂದೊಂದಾಗಿ ನಿಲ್ಲಿಸುತ್ತಾ ಬರಬೇಕು. ಅಥವಾ ಅದೇ ಸರದಿಯನ್ನು ಆಟೊಮೇಷನ್ ಸಾಫ್ಟ್‌ವೇರಿಗೆ ಹೇಳಿಕೊಟ್ಟಿರಬೇಕು. ಮೊದಲು ಹೊಸ ಜಾಬ್‌ಗಳು ಒಳಗೆ ಬರದ ಹಾಗೆ, ಅವನ್ನು ಶುರು ಮಾಡುವ ಇನಿಷಿಯೇಟರ್‌ಗಳನ್ನು ನಿಲ್ಲಿಸುತ್ತಾರೆ. ಟಿಎಸ್‌ಓದಲ್ಲಿ ಲಾಗಿನ್ ಆಗಿ ಕೂತವರಿಗೆ ಹೊರಡಿ ಅಂತ ಸಂದೇಶ ಹೋಗುತ್ತೆ. ಆಮೇಲೆ ವ್ಯವಹಾರಗಳನ್ನು ನಡೆಸುವ ಸಿಐಸಿಎಸ್, ಡೇಟಾಬೇಸ್ ಆದ ಡಿಬಿ2, ನೆಟ್‌ವರ್ಕು. ಕಡೆಗೆ ಜೆಸ್‌2. ಜಾಬ್‌ಗಳನ್ನು ಒಳಗೆ ತೆಗೆದುಕೊಂಡು, ಅವುಗಳ ಔಟ್‌ಪುಟ್ಟನ್ನು ಸ್ಪೂಲ್‌ನಲ್ಲಿ ಇಟ್ಟುಕೊಳ್ಳುವುದು ಇದೇ. ತನ್ನ ಕೈಕೆಳಗೆ ಶುರುವಾದದ್ದು ಒಂದೇ ಒಂದು ಉಳಿದಿದ್ದರೂ ಜೆಸ್‌2 ಮಲಗುವುದಿಲ್ಲ. ಇನ್ನೂ ಯಾರೋ ಒಳಗಿದ್ದಾರೆ ಅನ್ನುವ ಅರ್ಥದ ಹ್ಯಾಸ್ಪ್ 607 ಸಂದೇಶ ಕೊಡುತ್ತೆ. ಎಲ್ಲ ಮುಗಿದಾಗ ಬರುವ ಹ್ಯಾಸ್ಪ್ 099 ಸಂದೇಶಕ್ಕೆ ಆಪರೇಟರ್‌ಗಳು ಕಾಯುತ್ತಾ ಕೂತಿರುತ್ತಾರೆ: 'ಆಲ್ ಅವೈಲಬಲ್ ಫಂಕ್ಷನ್ಸ್ ಕಂಪ್ಲೀಟ್'. ಈ 'ಹ್ಯಾಸ್ಪ್' ಅನ್ನುವ ಹೆಸರಿನ ಮೊದಲ ಅಕ್ಷರ ಹ್ಯೂಸ್ಟನ್ ಊರಿನದು. ನಾಸಾದ ಕೆಲಸಕ್ಕಾಗಿ ಅಲ್ಲಿ ಹುಟ್ಟಿದ ಸಾಫ್ಟ್‌ವೇರ್ ಅದು. ಅದರ ಮೊಮ್ಮಗ ಜೆಸ್‌2 ಇವತ್ತಿಗೂ ಅದೇ ಹೆಸರಿನಲ್ಲಿ ಮಾತಾಡುತ್ತಾನೆ.

ಜೆಸ್‌2 ಹೋದ ಮೇಲೆ 'ಹಾಲ್ಟ್ ಇಓಡಿ' ಅನ್ನುವ ಕಮಾಂಡ್. ಎಸ್‌ಎಂಎಫ್ ದಾಖಲೆಗಳಲ್ಲಿ ಒಂದಷ್ಟು ಇನ್ನೂ ಮೆಮೊರಿಯಲ್ಲೇ ಇರುತ್ತವೆ. ಯಾರು ಎಷ್ಟು ಸಿಪಿಯು ಬಳಸಿದರು, ಯಾವ ಫೈಲು ತೆರೆದರು, ಎಲ್ಲ ಇರುವುದು ಅದರಲ್ಲೇ. ಅವನ್ನು ಡಿಸ್ಕಿಗೆ ಬರೆಸುವ ಕಮಾಂಡ್ ಇದು. ಮರೆತರೆ ಅಷ್ಟು ಹೊತ್ತಿನ ಲೆಕ್ಕ ಹೋಯಿತು ಅಂತಲೇ. ಕಡೆಯ ಚೀಲದ ಬಾಯಿ ಹೊಲಿಯುವ ಹಾಗೆ.

ಈಗ ನನ್ನ ತಪ್ಪಿನ ಕಥೆಗೆ ಬರುತ್ತೇನೆ.

ನಮ್ಮ ಪ್ರೋಗ್ರಾಂ ಓಡುವುದು ಸ್ಟಾರ್ಟೆಡ್ ಟಾಸ್ಕ್ ಆಗಿ. ಆಪರೇಟರ್ ಸ್ಟಾರ್ಟ್ ಅಂದರೆ ಶುರು, ಸ್ಟಾಪ್ ಅಂದರೆ ನಿಲ್ಲಬೇಕು. ಆದರೆ ಈ ಸ್ಟಾಪ್ ಕಮಾಂಡ್ ಯಾರನ್ನೂ ತಾನಾಗಿ ನಿಲ್ಲಿಸುವುದಿಲ್ಲ. ಹೊಸಬರಿಗೆ ಇದನ್ನು ಒತ್ತಿ ಒತ್ತಿ ಹೇಳುತ್ತೇನೆ. ಸ್ಟಾಪ್ ಅಂದರೆ ಒಂದು ಚೀಟಿ. ಆಪರೇಟರ್ ಹೇಳಿದ್ದನ್ನು ಸಿಸ್ಟಂ ಒಂದು ಬಫರಿನಲ್ಲಿ ಬರೆದಿಟ್ಟು, ನಿಮ್ಮ ಪ್ರೋಗ್ರಾಂ ಕಾಯುತ್ತಿರುವ ಇಸಿಬಿ ಅನ್ನುವ ಗಂಟೆ ಬಾರಿಸುತ್ತೆ, ಅಷ್ಟೇ. ಗಂಟೆ ಕೇಳಿಸಿಕೊಳ್ಳುವುದು, ಚೀಟಿ ಓದುವುದು, ಅದರಂತೆ ನಡೆಯುವುದು ಎಲ್ಲ ಪ್ರೋಗ್ರಾಂ ಬರೆದವರ ಕೆಲಸ. ಲಿನಕ್ಸ್ ಗೊತ್ತಿರುವವರು ಸಿಗ್‌ಟರ್ಮ್ ಅನ್ನುವ 'ನಿಲ್ಲು' ಸಂಕೇತವನ್ನು ನೆನಪಿಸಿಕೊಳ್ಳಬಹುದು. ಅಲ್ಲಿ ಅದನ್ನು ಹಿಡಿಯುವ ಹ್ಯಾಂಡ್ಲರ್ ಬರೆಯದಿದ್ದರೆ ಪ್ರೋಗ್ರಾಂ ಸಾಯುತ್ತೆ. ಇಲ್ಲಿ ಚೀಟಿ ಓದದಿದ್ದರೆ ಪ್ರೋಗ್ರಾಂ ಓಡುತ್ತಲೇ ಇರುತ್ತೆ. ಆಪರೇಟರ್ ಇನ್ನೊಮ್ಮೆ ಸ್ಟಾಪ್ ಕೊಟ್ಟರೆ 'ರಿಜೆಕ್ಟೆಡ್, ಟಾಸ್ಕ್ ಬ್ಯುಸಿ' ಅಂತ ಉತ್ತರ ಬರುತ್ತೆ.

ನಾನು ಮೊದಲ ಆವೃತ್ತಿಯಲ್ಲಿ ಚೀಟಿ ಓದುವ ಕೋಡನ್ನೇನೋ ಸರಿಯಾಗೇ ಬರೆದಿದ್ದೆ. ಓದಿದ ಮೇಲೆ ಒಂದು ಒಳ್ಳೆಯ ಕೆಲಸ ಮಾಡಲು ಹೋದೆ. ನಿಲ್ಲುವ ಮೊದಲು ಅಷ್ಟು ದಿನದ ಸಾರಾಂಶವನ್ನು ಒಂದು ಫೈಲಿಗೆ ಬರೆದಿಡೋಣ ಅಂತ. ಫೈಲನ್ನು ತೆರೆಯುತ್ತಿದ್ದದ್ದು ಆಗಲೇ, ನಿಲ್ಲುವ ಹೊತ್ತಿನಲ್ಲಿ. ಟೆಸ್ಟ್ ಸಿಸ್ಟಂನಲ್ಲಿ ನೂರು ಸಲ ಓಡಿಸಿದ್ದೆ, ಒಂದು ಸಲವೂ ತೊಂದರೆ ಆಗಿರಲಿಲ್ಲ.

ಅಮೆರಿಕದ ಒಬ್ಬ ಗ್ರಾಹಕರಲ್ಲಿ ಭಾನುವಾರ ನಸುಕಿನ 2 ಗಂಟೆಗೆ ಸಿಸ್ಟಂ ನಿಲ್ಲಿಸುವ ಹೊತ್ತು. ನಮಗೆ ಅದು ಭಾನುವಾರ ಮಧ್ಯಾಹ್ನ. ಊಟಕ್ಕೆ ಕೂತಿದ್ದೆ, ಫೋನ್ ಬಂತು. ನಿಮ್ಮ ಟಾಸ್ಕ್ ನಿಲ್ಲುತ್ತಿಲ್ಲ, ಜೆಸ್‌2 ಕಾಯುತ್ತಿದೆ. ಲಾಗ್ ಕಳಿಸಿದರು. ನೋಡಿದ ಕೂಡಲೇ ತುತ್ತು ಗಂಟಲಲ್ಲೇ ಉಳಿಯಿತು. ನಮ್ಮ ಸಾರಾಂಶದ ಫೈಲನ್ನು ತಿಂಗಳುಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಹಾಗೆ ಬಿದ್ದಿರುವ ಫೈಲುಗಳನ್ನು ಎಚ್‌ಎಸ್‌ಎಂ ಅನ್ನುವ ಸಾಫ್ಟ್‌ವೇರ್ ಎತ್ತಿ ಟೇಪಿಗೆ ಹಾಕುತ್ತೆ. ಯಾರಾದರೂ ತೆರೆದರೆ ವಾಪಸ್ ತಂದುಕೊಡುತ್ತೆ. ಆದರೆ ಆ ಹೊತ್ತಿಗೆ ಆಪರೇಟರ್ ಎಚ್‌ಎಸ್‌ಎಂ ಅನ್ನು ಆಗಲೇ ನಿಲ್ಲಿಸಿ ಆಗಿತ್ತು. ಫೈಲು ಟೇಪಿನಲ್ಲಿ, ತಂದುಕೊಡುವವನು ಮನೆಗೆ ಹೋಗಿದ್ದಾನೆ, ನನ್ನ ಟಾಸ್ಕ್ ಬಾಗಿಲಲ್ಲಿ ನಿಂತು ಕಾಯುತ್ತಿದೆ. ನಿಲ್ಲಿಸಿದ ಎಚ್‌ಎಸ್‌ಎಂ ಅನ್ನು ಮತ್ತೆ ಶುರು ಮಾಡಿ ಅಂತ ಸಿಸ್ಟಂ ಆಪರೇಟರನ್ನು ಕೇಳುತ್ತಿದೆ. ಇಡೀ ಸಿಸ್ಟಂ ನನ್ನ ಒಂದು ಸಾರಾಂಶಕ್ಕಾಗಿ ಅರ್ಧ ಗಂಟೆ ನಿಂತಿತ್ತು.

ಅವತ್ತು ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದುಕೊಂಡೆ. ಹೊರಡುವ ಹೊತ್ತಿನಲ್ಲಿ ಹೊಸದಾಗಿ ಏನನ್ನೂ ಕೇಳಬಾರದು. ಹೊಸ ಫೈಲು ಬೇಡ, ಹೊಸ ಮೆಮೊರಿ ಬೇಡ, ಹೊಸ ಲಾಕ್ (ಬೇರೆಯವರು ಮುಟ್ಟದಂತೆ ಹಾಕುವ ಬೀಗ) ಬೇಡ, ಬೇರೆಯವರ ಸಹಾಯ ಬೇಡ. ಏನು ಬೇಕೋ ಅದನ್ನು ಶುರುವಿನಲ್ಲೇ ತೆಗೆದು ಪಕ್ಕಕ್ಕೆ ಇಟ್ಟುಕೊಂಡಿರಬೇಕು. ಹೊರಡುವಾಗ ನಮ್ಮ ಸುತ್ತ ಯಾರಿರುತ್ತಾರೆ, ಯಾರಿರುವುದಿಲ್ಲ ಅಂತ ನಮಗೆ ಗೊತ್ತಿರುವುದಿಲ್ಲ. ಅಪ್ಪ ಭತ್ತದ ಗೇಟು ಮುಚ್ಚಿದ ಮೇಲೆ ಇನ್ನೊಂದು ಚೀಲ ತಂದು ಸುರಿಯುತ್ತಿರಲಿಲ್ಲ. ನಾನು ಸುರಿದಿದ್ದೆ.

ಆ ದಿನದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಕಾದು ಸಾಕಾಗಿ ಆಪರೇಟರ್ ಕ್ಯಾನ್ಸಲ್ ಕೊಟ್ಟರು. ಸ್ಟಾಪ್ ಅಂದರೆ ಮಾತಿನಲ್ಲಿ ಹೇಳುವುದು, ಕ್ಯಾನ್ಸಲ್ ಅಂದರೆ ಕೈ ಹಿಡಿದು ಎಬ್ಬಿಸುವುದು. ಪ್ರೋಗ್ರಾಂ 222 ಅನ್ನುವ ಅಬೆಂಡ್ (ನಡುವೆಯೇ ಬಿದ್ದುಹೋಗುವ) ಕೋಡ್‌ನೊಂದಿಗೆ ಬೀಳುತ್ತೆ. ಬೀಳುವ ಮೊದಲು ಮನೆ ಗುಡಿಸಲಿ ಅಂತ ನಾನು ಎಸ್ಟೇ ಅನ್ನುವ ರಿಕವರಿ ರೊಟೀನು ಇಟ್ಟಿದ್ದೆ. ಆದರೆ ಅದನ್ನು ಹಾಕುವಾಗ 'ಟರ್ಮ್ ಈಕ್ವಲ್ಸ್ ಯೆಸ್' ಅಂತ ಹೇಳದಿದ್ದರೆ ಕ್ಯಾನ್ಸಲ್ ಬಂದಾಗ ಆ ರೊಟೀನಿಗೆ ಕರೆಯೇ ಬರುವುದಿಲ್ಲ. ಏನೂ ಬರೆಯದಿದ್ದರೆ 'ನೋ' ಅಂತಲೇ ಅರ್ಥ. ನಾನು ಏನೂ ಬರೆದಿರಲಿಲ್ಲ. ಅವತ್ತು ಹೇಗಿದ್ದರೂ ಐಪಿಎಲ್ ಆಗುವುದಿತ್ತು. ಮೆಮೊರಿಯೆಲ್ಲ ಹೊಸದಾಯಿತು, ಯಾರಿಗೂ ಏನೂ ಆಗಲಿಲ್ಲ. ನಾನೂ ಬಚಾವಾದೆ ಅಂದುಕೊಂಡೆ.

ಕೆಲವು ವಾರಗಳ ಮೇಲೆ ಬೇರೆ ಕಡೆ, ಐಪಿಎಲ್ ಇಲ್ಲದ ಒಂದು ಮಾಮೂಲಿ ದಿನ, ಯಾರೋ ನಮ್ಮ ಟಾಸ್ಕನ್ನು ಕ್ಯಾನ್ಸಲ್ ಮಾಡಿ ಮತ್ತೆ ಶುರು ಮಾಡಿದರು. ಆಗ ಗೊತ್ತಾಯಿತು ಬುಡದಲ್ಲಿ ಎಷ್ಟು ಭತ್ತ ಕೂತಿದೆ ಅಂತ.

ಸಿಸ್ಟಂ ಸಾಫ್ಟ್‌ವೇರ್ ಮಾಮೂಲಿ ಪ್ರೋಗ್ರಾಂಗಿಂತ ಬೇರೆಯಾಗುವುದು ಇಲ್ಲೇ. ಮಾಮೂಲಿ ಪ್ರೋಗ್ರಾಂ ತನ್ನ ಅಡ್ರೆಸ್ ಸ್ಪೇಸಿನಲ್ಲಿ, ಅಂದರೆ ತನ್ನ ಮನೆಯೊಳಗೆ ಇರುತ್ತೆ. ಅದು ಸತ್ತರೆ ಸಿಸ್ಟಂ ಮನೆಯನ್ನೇ ಕೆಡವಿ ಜಾಗ ವಾಪಸ್ ತೆಗೆದುಕೊಳ್ಳುತ್ತೆ. ನಮ್ಮಂಥ ಸಾಫ್ಟ್‌ವೇರ್ ಮನೆಯೊಳಗೆ ಮಾತ್ರ ಇರುವುದಿಲ್ಲ. ಊರಿನ ದಾರಿಯಲ್ಲೂ ಏನೋ ಕಟ್ಟಿರುತ್ತೆ. ಸಿಎಸ್‌ಎ ಅನ್ನುವ ಎಲ್ಲರಿಗೂ ಕಾಣುವ ಮೆಮೊರಿಯಲ್ಲಿ ನಮ್ಮದೊಂದು ಪುಟ್ಟ ಕೋಡು ಇರುತ್ತೆ. ಸಿಸ್ಟಂನ ಯಾವುದೋ ಸೇವೆಯ ದಾರಿಯನ್ನು ತಿರುಗಿಸಿ ಆ ಕೋಡಿನ ಮೂಲಕ ಹಾಯುವಂತೆ ಒಂದು ಕೊಕ್ಕೆ ಹಾಕಿರುತ್ತೇವೆ. ಬೇರೆಯವರ ಜಾಬ್‌ಗಳು ತಮಗೆ ಗೊತ್ತಿಲ್ಲದೆಯೇ ನಮ್ಮ ಕೋಡಿನೊಳಗೆ ಕಾಲಿಟ್ಟು ಹೋಗುತ್ತಿರುತ್ತವೆ. ನಮ್ಮ ಟಾಸ್ಕ್ ಸತ್ತರೂ ಆ ಕೊಕ್ಕೆ ಅಲ್ಲೇ ಉಳಿಯುತ್ತೆ. ಅವತ್ತು ಉಳಿದ ಕೊಕ್ಕೆ, ಇಲ್ಲದ ನಮ್ಮ ಅಡ್ರೆಸ್ ಸ್ಪೇಸನ್ನು ಕರೆಯುತ್ತಿತ್ತು. ಅದರ ಮೂಲಕ ಹಾಯ್ದ ಜಾಬ್‌ಗಳು ಬಿದ್ದವು. ನಮ್ಮ ಟಾಸ್ಕ್ ಮತ್ತೆ ಶುರುವಾದಾಗ ಹಳೆಯ ಕೊಕ್ಕೆ ಇದೆಯೋ ಇಲ್ಲವೋ ಅಂತ ನೋಡದೆ ಅದರ ಮೇಲೆಯೇ ಇನ್ನೊಂದು ಹಾಕಿತು. ಯಾರದೋ ದುಡಿಮೆಯ ಲೆಕ್ಕ, ಯಾರದೋ ಸಂಬಳದ ಜಾಬ್ ಅದರಲ್ಲಿ ಇದ್ದಿರಬಹುದು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಹಾಗಾದರೆ ಹೋಗುವಾಗ ಕೊಕ್ಕೆ ಬಿಚ್ಚಿ, ಆ ಮೆಮೊರಿಯನ್ನು ವಾಪಸ್ ಕೊಟ್ಟರೆ ಆಯಿತಲ್ವಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡು ಬಹಳ ದಿನ ಗುದ್ದಾಡಿದೆ. ಕೊಕ್ಕೆ ಬಿಚ್ಚಿದ ಕ್ಷಣದಲ್ಲಿ ಯಾರೋ ನಮ್ಮ ಕೋಡಿನ ನಡುವೆ ಇದ್ದರೆ? ಎಷ್ಟು ಜನ ಒಳಗಿದ್ದಾರೆ ಅಂತ ಎಣಿಸಲು ಒಂದು ಕೌಂಟರ್ ಇಟ್ಟೆ. ಒಳಗೆ ಬರುವಾಗ ಒಂದು ಕೂಡು, ಹೊರಗೆ ಹೋಗುವಾಗ ಒಂದು ಕಳೆ, ಸೊನ್ನೆಯಾದರೆ ಮೆಮೊರಿ ಬಿಡು. ನೋಡಲು ಸರಿ ಅನ್ನಿಸುತ್ತೆ. ಆದರೆ ನಮ್ಮ ಕೋಡಿನ ವಿಳಾಸವನ್ನು ಓದಿಕೊಂಡು, ಇನ್ನೂ ನಮ್ಮ ಮೊದಲ ಇನ್‌ಸ್ಟ್ರಕ್ಷನ್ನಿಗೆ ಬಂದಿರದ ಒಬ್ಬನಿರಬಹುದು. ಅವನು ಲೆಕ್ಕಕ್ಕೆ ಸಿಕ್ಕಿಲ್ಲ. ಹಾಗೇ ಕೌಂಟರಿನಿಂದ ಒಂದು ಕಳೆದು, ವಾಪಸ್ ಹೋಗುವ ಕೊನೆಯ ಇನ್‌ಸ್ಟ್ರಕ್ಷನ್ ಮೇಲೆ ನಿಂತವನೊಬ್ಬನಿರಬಹುದು. ಅವನು ಲೆಕ್ಕದಿಂದ ಹೊರಗೆ ಹೋಗಿದ್ದಾನೆ, ಕಾಲು ಇನ್ನೂ ನಮ್ಮ ಹೊಸ್ತಿಲ ಮೇಲೇ ಇದೆ. ಅದೇ ಕ್ಷಣ ಅವನ ಕೈಯಿಂದ ಪ್ರೊಸೆಸರ್ ಹೋಗಿ, ಮತ್ತೆ ಅವನ ಸರದಿ ಬರುವುದು ಎಷ್ಟು ಹೊತ್ತಿಗೋ. ಅಷ್ಟರಲ್ಲಿ ನಾವು ಮೆಮೊರಿ ಬಿಟ್ಟಿದ್ದರೆ ಅವನ ಕಾಲ ಕೆಳಗೆ ನೆಲವೇ ಇರುವುದಿಲ್ಲ.

ಒಬ್ಬ ಹಿರಿಯ ಸಹೋದ್ಯೋಗಿ ನನ್ನ ಪರದಾಟ ನೋಡಿ ಕೇಳಿದರು, 'ಆ ಕೋಡು ಎಷ್ಟು ದೊಡ್ಡದಿದೆ ಮಾರಾಯ?' 12 ಕೆಬಿ ಅಂದೆ. 'ಬಿಟ್ಟು ಬಾ' ಅಂದರು.

ಅದು ಸೋಮಾರಿತನದ ಮಾತಲ್ಲ, ತುಂಬ ಯೋಚಿಸಿದ ಮಾತು. ಕೊಕ್ಕೆ ಬಿಚ್ಚು, ಕೋಡು ಅಲ್ಲೇ ಇರಲಿ. ಅದು ಎಲ್ಲಿದೆ ಅಂತ ಒಂದು ಗುರುತು ಮಾತ್ರ ಇಟ್ಟು ಬಾ. ನೇಮ್-ಟೋಕನ್ ಅನ್ನುವ ಸೇವೆ ಇದಕ್ಕೇ ಇದೆ. ಒಂದು ಹೆಸರಿನ ಕೆಳಗೆ ಒಂದಿಷ್ಟು ಮಾಹಿತಿ ಬರೆದಿಡಬಹುದು, ನಾವು ಸತ್ತರೂ ಅದು ಉಳಿಯುತ್ತೆ. ಮುಂದಿನ ಸಲ ಶುರುವಾದಾಗ ಮೊದಲು ಆ ಹೆಸರನ್ನು ಹುಡುಕು. ಹಳೆಯ ಕೋಡು ಸಿಕ್ಕರೆ, ಅದೇ ಆವೃತ್ತಿಯದಾದರೆ ಅದನ್ನೇ ಬಳಸು. ಎಷ್ಟು ಸಲ ನಿಲ್ಲಿಸಿ ಶುರು ಮಾಡಿದರೂ ಊರಿನ ದಾರಿಯಲ್ಲಿ ನಮ್ಮದು ಅದೇ 12 ಕೆಬಿ. ಕೊಕ್ಕೆ ಬಿಚ್ಚುವಾಗಲೂ ಒಂದು ಎಚ್ಚರ ಬೇಕು. ನಮ್ಮ ನಂತರ ಬೇರೆ ಕಂಪನಿಯ ಸಾಫ್ಟ್‌ವೇರ್ ಅದೇ ಜಾಗದಲ್ಲಿ ತನ್ನ ಕೊಕ್ಕೆ ಹಾಕಿದ್ದರೆ, ನಾವು ಬರುವ ಮೊದಲು ಅಲ್ಲಿದ್ದ ವಿಳಾಸವನ್ನು ವಾಪಸ್ ಬರೆದರೆ ಅವರದ್ದೂ ಕಿತ್ತುಹೋಗುತ್ತೆ. ಆಗ ಬಿಚ್ಚಲೇಬಾರದು. ನಮ್ಮ ಕೋಡಿಗೆ 'ಏನೂ ಮಾಡಬೇಡ, ಬಂದವರನ್ನು ಸುಮ್ನೆ ಮುಂದೆ ಕಳಿಸು' ಅಂತ ಒಂದು ಬಿಟ್ ಹಾಕಿ ಬರಬೇಕು.

ಹೀಗೆ ಉಳಿಯುವ ಇನ್ನೊಂದು ವಿಷಯ ಹೊಸಬರಿಗೆ ನಂಬಲು ಕಷ್ಟ. ಬೇರೆ ಎಲ್ಲ ಅಡ್ರೆಸ್ ಸ್ಪೇಸುಗಳಿಂದ ನಮ್ಮೊಳಗೆ ನೇರವಾಗಿ ಬರುವ ಪಿಸಿ (ಪ್ರೋಗ್ರಾಂ ಕಾಲ್) ಅನ್ನುವ ಬಾಗಿಲನ್ನು ತೆರೆದಿದ್ದರೆ, ನಾವು ಸತ್ತ ಮೇಲೆ ನಮ್ಮ ಅಡ್ರೆಸ್ ಸ್ಪೇಸಿನ ನಂಬರನ್ನು ಸಿಸ್ಟಂ ಬೇರೆಯವರಿಗೆ ಕೊಡುವುದಿಲ್ಲ. ಆ ಬಾಗಿಲ ಕಡೆಗೆ ಇನ್ನೂ ಯಾರ ಬೆರಳಾದರೂ ತೋರುತ್ತಿರಬಹುದು ಅನ್ನುವ ಭಯ. ನಂಬರು ಮುಂದಿನ ಐಪಿಎಲ್‌ವರೆಗೆ ಹೋಯಿತು. ನಂಬರುಗಳು ಲೆಕ್ಕದಲ್ಲಿ ಇರುವಂಥವು. ದಿನಕ್ಕೆ ಹತ್ತು ಸಲ ಬಿದ್ದೆದ್ದರೆ ಒಂದು ದಿನ ಹೊಸದಾಗಿ ಯಾರೂ ಶುರುವಾಗಲಾಗದ ಸ್ಥಿತಿ ಬರುತ್ತೆ. ಇದಕ್ಕಾಗಿ ಐಬಿಎಂ ಮುಂದೆ ಹಾರ್ಡ್‌ವೇರನ್ನೇ ಬದಲಿಸಿ, ಸ್ಟಾರ್ಟ್ ಮಾಡುವಾಗ 'ರಿಯೂಸ್‌ಎಎಸ್‌ಐಡಿ' (ನಂಬರನ್ನು ಮತ್ತೆ ಬಳಸು) ಅಂತ ಹೇಳುವ ದಾರಿ ಮಾಡಿತು. ಒಬ್ಬರು ಸರಿಯಾಗಿ ಹೊರಡುವುದಕ್ಕೆ ಪ್ರೊಸೆಸರಿನ ರಚನೆಯೇ ಬದಲಾಗಬೇಕಾಯಿತು ಅನ್ನುವುದು ನನಗೆ ದೊಡ್ಡ ಸಮಾಧಾನ ಕೊಟ್ಟಿದೆ. ಕಷ್ಟ ಪಟ್ಟದ್ದು ನಾನೊಬ್ಬನೇ ಅಲ್ಲ.

ದೊಡ್ಡವರು ಇದನ್ನು ಹೇಗೆ ಮಾಡಿದ್ದಾರೆ ಅಂತ ನೋಡುತ್ತಾ ಹೋದೆ. ಡಿಬಿ2 ನಿಲ್ಲಿಸುವಾಗ ಎರಡು ದಾರಿ ಇವೆ. ಕ್ವೈಸ್ ಅಂದರೆ ಹೊಸಬರಿಗೆ ಬಾಗಿಲು ಮುಚ್ಚಿ, ಒಳಗಿರುವವರು ಮುಗಿಸುವವರೆಗೆ ಕಾಯುತ್ತೆ. ಫೋರ್ಸ್ ಅಂದರೆ ಒಳಗಿರುವವರ ಅರ್ಧ ಕೆಲಸವನ್ನು ವಾಪಸ್ ತೆಗೆದು ನಿಲ್ಲುತ್ತೆ. ಸಿಐಸಿಎಸ್ ಮಾಮೂಲಿಯಾಗಿ ನಿಂತರೆ ತನ್ನ ಸ್ಥಿತಿಯನ್ನೆಲ್ಲ ಬರೆದಿಟ್ಟು ಮಲಗುತ್ತೆ, ಬೆಳಗ್ಗೆ ಅಲ್ಲಿಂದಲೇ ಏಳುತ್ತೆ. ಅವಸರದಲ್ಲಿ ನಿಂತರೆ ಎದ್ದ ಮೇಲೆ ಲಾಗ್ ಓದಿ, ಯಾರ ಕೆಲಸ ಅರ್ಧಕ್ಕೆ ನಿಂತಿತ್ತೋ ಅದನ್ನು ಹಿಂದಕ್ಕೆ ತೆಗೆಯುತ್ತೆ. ನನಗೆ ಜಾಸ್ತಿ ಹಿಡಿಸಿದ್ದು ಡಿಬಿ2ದ 'ಇನ್‌ಡೌಟ್' ಸ್ಥಿತಿ. ಎರಡು ಸಿಸ್ಟಂ ಸೇರಿ ಮಾಡುವ ಕೆಲಸದಲ್ಲಿ ಇವನು ಒಪ್ಪಿದ್ದಾನೆ, ಅವನ ಕೊನೆಯ ಮಾತು ಇನ್ನೂ ಬಂದಿಲ್ಲ. ಆಗ ಡಿಬಿ2 ತಾನೇ ಊಹಿಸಿ ಯಾವ ಕಡೆಗೂ ತೀರ್ಮಾನ ಮಾಡುವುದಿಲ್ಲ. ಗೊತ್ತಿಲ್ಲ ಅಂತ ಬರೆದಿಟ್ಟು, ಲಾಕ್ ಹಿಡಿದೇ ಇಟ್ಟು, ಎದ್ದ ಮೇಲೆ ಕೇಳುತ್ತೆ. ಎಷ್ಟು ಪ್ರಾಮಾಣಿಕ ಅಲ್ವಾ?

ಇದನ್ನೆಲ್ಲ ನೋಡಿದ ಮೇಲೆ ನಮ್ಮ ಪ್ರೋಗ್ರಾಂ ನಿಲ್ಲುವ ಭಾಗವನ್ನು ಪೂರ್ತಿ ಹೊಸದಾಗಿ ಬರೆದೆ. ಮೇನ್ ಟಾಸ್ಕ್ ಈಗ ಯಾವ ಕೆಲಸವನ್ನೂ ತಾನೇ ಮಾಡುವುದಿಲ್ಲ, ಬರೀ ಗಂಟೆಗೆ ಕಿವಿ ಕೊಟ್ಟು ಕೂತಿರುತ್ತೆ. ಕೆಲಸ ಮಾಡುವವರು ಸಬ್‌ಟಾಸ್ಕ್‌ಗಳು. ಸ್ಟಾಪ್ ಬಂದ ಕೂಡಲೇ ಕೊಕ್ಕೆಯ ಬಿಟ್ ಬದಲಾಗುತ್ತೆ, ಹೊಸ ಮಾಹಿತಿ ಬರುವುದು ನಿಲ್ಲುತ್ತೆ. ಸಬ್‌ಟಾಸ್ಕ್‌ಗಳಿಗೆ ಎರಡು ನಿಮಿಷ ಕೊಡುತ್ತೇವೆ. ಮುಗಿಸದಿದ್ದರೆ ಯಾರಿಗಾಗಿ ಕಾಯುತ್ತಿದ್ದೇವೆ ಅಂತ ಆಪರೇಟರಿಗೆ ಸ್ಪಷ್ಟವಾಗಿ ಹೇಳಿ, ಅವರನ್ನು ಬಿಟ್ಟು ಮುಂದೆ ಹೋಗುತ್ತೇವೆ. ಎರಡು ನಿಮಿಷ ಯಾಕೆ, ಐದು ಯಾಕಲ್ಲ ಅಂತ ನಮ್ಮಲ್ಲಿ ದೊಡ್ಡ ಚರ್ಚೆಯಾಯಿತು. ಗ್ರಾಹಕರೇ ಬದಲಿಸಿಕೊಳ್ಳಲಿ ಅಂತ ಪ್ಯಾರಾಮೀಟರ್ ಮಾಡಿದೆವು. ಕ್ಯಾನ್ಸಲ್ ಬಂದರೂ ಗುಡಿಸುವ ರೊಟೀನು ಓಡುತ್ತೆ. ಕ್ಯಾನ್ಸಲ್‌ಗೂ ಬಗ್ಗದಿದ್ದಾಗ ಆಪರೇಟರ್ ಕೊಡುವ ಫೋರ್ಸ್ ಕಮಾಂಡ್ ಬಂದರೆ ನಮ್ಮ ಎಸ್ಟೇಗೆ ಅವಕಾಶವೇ ಸಿಗುವುದಿಲ್ಲ. ಆಗ ನಮ್ಮ ಪರವಾಗಿ ಸಿಸ್ಟಂನದೇ ಆದ ಮಾಸ್ಟರ್ ಅಡ್ರೆಸ್ ಸ್ಪೇಸಿನಲ್ಲಿ ಓಡಿ ಕೊಕ್ಕೆಯನ್ನು ಮೂಕ ಮಾಡಲು ಒಂದು ರಿಸೋರ್ಸ್ ಮ್ಯಾನೇಜರ್ ಇಟ್ಟಿದ್ದೇವೆ. ಅದೂ ಆಗದೆ ಹೋದರೆ ಅಂತ ಶುರುವಿನ ಕೋಡು ಯಾವಾಗಲೂ ಹಿಂದಿನ ಸಲ ಕರೆಂಟ್ ಹೋಗಿತ್ತು ಅಂತಲೇ ಅಂದುಕೊಂಡು ಬುಡದ ಮುಚ್ಚಳ ತೆಗೆದು ನೋಡುತ್ತೆ.

ಟೆಸ್ಟಿಂಗ್ ಹುಡುಗಿಯೊಬ್ಬಳು ಇದಕ್ಕೆ ಸ್ಕ್ರಿಪ್ಟ್ ಬರೆದಳು. ರಾತ್ರಿಯೆಲ್ಲ ನಮ್ಮ ಟಾಸ್ಕನ್ನು ಶುರು ಮಾಡುವುದು, ಕೆಲಸದ ನಡುವೆ ಯಾವುದೋ ಕ್ಷಣದಲ್ಲಿ ಒಮ್ಮೆ ಸ್ಟಾಪ್, ಒಮ್ಮೆ ಕ್ಯಾನ್ಸಲ್, ಒಮ್ಮೆ ಫೋರ್ಸ್. ಬೆಳಗ್ಗೆ ಬಂದು ಸಿಎಸ್‌ಎಯಲ್ಲಿ ಒಡೆಯನಿಲ್ಲದ ಮೆಮೊರಿ ಎಷ್ಟಿದೆ ಅಂತ ಎಣಿಸುವುದು. ಮೊದಲ ವಾರ ಎಣಿಕೆ ಏರುತ್ತಲೇ ಇತ್ತು. ಮೂರನೇ ವಾರ 12 ಕೆಬಿಗೆ ನಿಂತಿತು.

ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಅದೇ ಅಮೆರಿಕದ ಗ್ರಾಹಕರಲ್ಲಿ ಮತ್ತೆ ಒಂದು ಭಾನುವಾರ ಬಂತು. ಯಾರೂ ಫೋನ್ ಮಾಡಲಿಲ್ಲ. ಸೋಮವಾರ ನಾನೇ ಲಾಗ್ ಕೇಳಿ ತರಿಸಿಕೊಂಡೆ. ನಮ್ಮ ಟಾಸ್ಕ್ ಸ್ಟಾಪ್ ಸಿಕ್ಕ ನಾಲ್ಕನೇ ಸೆಕೆಂಡಿಗೆ ಹೊರಟಿತ್ತು. ಹೋಗುವಾಗ 12 ಕೆಬಿ ಬಿಟ್ಟು ಹೋಗಿದ್ದೇನೆ ಅಂತ ಒಂದು ಸಾಲು ಬರೆದಿತ್ತು. ಅದರ ಕೆಳಗೆ ಬೇರೆಯವರ ಸಾಲುಗಳು, ಆಮೇಲೆ ಹ್ಯಾಸ್ಪ್ 099, ಆಮೇಲೆ ಹಾಲ್ಟ್ ಇಓಡಿ ಸಕ್ಸೆಸ್‌ಫುಲ್.

ಸಂಜೆ ಅಪ್ಪನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ನನಗೆ ತಿಳಿದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, 'ಎಲಿವೇಟರ್ ಖಾಲಿಯಾದದ್ದು ನಿನಗೆ ಹೆಂಗ ಗೊತ್ತಾಗ್ತದ? ಅಲ್ಲಿ ಸಪ್ಪಳ ಇರಂಗಿಲ್ಲಲ್ಲ' ಅಂದರು. ಕೌಂಟರಿನ ವಿಷಯ ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದೆ.